ಶಿಸ್ತಿಗೆ ರೂಪಾಯಿಯ ಅಳತೆ

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯವು 2023ರ ಫೆಬ್ರುವರಿಯಲ್ಲಿ ಜಾರಿಗೆ ತಂದ ಶಿಸ್ತು ನಿಯಮಾವಳಿಯು ಧರಣಿ ಕೂತವರಿಗೆ 20,000 ರೂಪಾಯಿ ದಂಡ ವಿಧಿಸಿತ್ತು. ವಿರೋಧ ಎದ್ದಾಗ ಮಾರ್ಚ್ ಆರಂಭದಲ್ಲೇ ಅದನ್ನು ಹಿಂಪಡೆಯಲಾಯಿತು. ವರ್ಷ ಮುಗಿಯುವುದರೊಳಗೆ ಮತ್ತೊಂದು ಕೈಪಿಡಿ ಬಂತು; ತರಗತಿಗಳಿರುವ ಕಟ್ಟಡದಿಂದ 100 ಮೀಟರ್ ಒಳಗೆ ಪ್ರತಿಭಟಿಸಿದರೆ ಅದೇ ಮೊತ್ತದವರೆಗೆ ದಂಡ.

ಪಾಠಕ್ಕೆ ಅಡ್ಡಿಪಡಿಸುವುದನ್ನಾಗಲಿ ರ‍್ಯಾಗಿಂಗ್ ಅನ್ನಾಗಲಿ ಯಾವ ವಿಶ್ವವಿದ್ಯಾಲಯವೂ ಸಹಿಸಬೇಕಾಗಿಲ್ಲ. ಆದರೆ ಶಿಕ್ಷೆಯನ್ನು ಹಣದಲ್ಲಿ ಅಳೆದಾಗ ಒಂದೇ ತಪ್ಪಿಗೆ ಎರಡು ಬಗೆಯ ಶಿಕ್ಷೆಯಾಗುತ್ತದೆ. ಅನುಕೂಲಸ್ಥರ ಮಗನಿಗೆ 20,000 ರೂಪಾಯಿ ಒಂದು ಮೊಬೈಲ್ ಫೋನಿನ ಬೆಲೆ. ವಿದ್ಯಾರ್ಥಿವೇತನದಲ್ಲಿ ಮೆಸ್ ಬಿಲ್ ಕಟ್ಟುವ ಹುಡುಗಿಗೆ ಅದು ಓದೇ ನಿಂತುಹೋಗುವ ಭಯ.

ವಿಚಾರಣೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. ಕೆಲವು ಅಪವಾದಗಳನ್ನು ಬಿಟ್ಟರೆ, ಆರೋಪವನ್ನು ತಿಳಿಸದೆ, ಅಹವಾಲು ಕೇಳದೆ ಒಬ್ಬ ಸರ್ಕಾರಿ ಗುಮಾಸ್ತನನ್ನೂ ವಜಾ ಮಾಡಲು ಸಂವಿಧಾನದ 311ನೇ ವಿಧಿ ಬಿಡುವುದಿಲ್ಲ. ಈ ವಿಧಿಯನ್ನು ಶಪಿಸದ ಮೇಲಧಿಕಾರಿ ಅಪರೂಪ (ಸೇವೆಯಲ್ಲಿದ್ದಾಗ ನಾನೂ ಗೊಣಗಿದವನೇ). ಆದರೂ ಅದರಿಂದ ಉಳಿದ ನೌಕರಿಗಳು ಅನೇಕ. ವಿದ್ಯಾರ್ಥಿಗೂ ಈ ರಕ್ಷಣೆ ಹೊಸದೇನಲ್ಲ. ಪರೀಕ್ಷಾ ಅಕ್ರಮದ ಆರೋಪದ ಮೇಲೆ ಫಲಿತಾಂಶ ರದ್ದುಪಡಿಸಿದ್ದ ಉತ್ತರ ಪ್ರದೇಶದ ಪರೀಕ್ಷಾ ಮಂಡಳಿಯು ಮೊದಲು ವಿದ್ಯಾರ್ಥಿಗಳ ಮಾತನ್ನು ಕೇಳಬೇಕಿತ್ತೆಂದು ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ.

ನಮ್ಮ ವಿಶ್ವವಿದ್ಯಾಲಯಗಳ ಸಿಂಡಿಕೇಟುಗಳು ಇಂಥ ನಿಯಮಾವಳಿಗೆ ಒಪ್ಪಿಗೆ ಕೊಡುವ ಮುನ್ನ ದಂಡದ ಪಟ್ಟಿಯನ್ನು ಬದಿಗಿಟ್ಟು ಮೂರು ಅಂಶಗಳನ್ನು ಹುಡುಕಲಿ: ಲಿಖಿತ ಆರೋಪಪಟ್ಟಿ, ಉತ್ತರಿಸಲು ಕಾಲಾವಕಾಶ, ಶಿಕ್ಷೆ ಕೊಟ್ಟವರ ಅಧೀನದಲ್ಲಿಲ್ಲದವರ ಮುಂದೆ ಮೇಲ್ಮನವಿ.