ಪ್ರಶ್ನಪತ್ರಿಕೆಯಿಲ್ಲದ ಪರೀಕ್ಷೆ

ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಬೇಗಂಪೇಟೆಯ ವಸತಿ ಸಮುಚ್ಚಯಗಳಲ್ಲಿ ಟಿ.ವಿ.ಯ ಸದ್ದಡಗುತ್ತದೆ. ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ನಸುಕಿನಲ್ಲಿಯೇ ದೀಪ ಹೊತ್ತಿಕೊಳ್ಳುತ್ತದೆ. ಬಂಧುಗಳ ಆಗಮನ, ಮದುವೆ ಮುಂಜಿಗಳ ಪ್ರಯಾಣ ಎಲ್ಲವೂ ಪರೀಕ್ಷೆ ಮುಗಿಯುವವರೆಗೆ ಮುಂದಕ್ಕೆ ಹೋಗುತ್ತವೆ. ಅದೇ ಸಾಲಿನಲ್ಲಿ, ಈ ಗಡಿಬಿಡಿಯ ಸೋಂಕಿಲ್ಲದ ಒಂದೆರಡು ಮನೆಗಳೂ ಇರುತ್ತವೆ. ಅಲ್ಲಿಯೂ ಹದಿನೈದು ವರ್ಷದ ಮಗುವಿದೆ. ಆದರೆ ಅದಕ್ಕೆ ಹಾಲ್ ಟಿಕೆಟ್ ಬರುವುದಿಲ್ಲ. ‘ಮಗ ಈ ವರ್ಷ ಯಾವ ಕ್ಲಾಸು?’ ಎಂದು ಯಾರಾದರೂ ಸಹಜವಾಗಿ ಕೇಳಿದರೆ ತಾಯಿ ಮಾತು ಬದಲಿಸುತ್ತಾಳೆ. ಇಂತಹ ಮಗುವಿಗೂ ಪರೀಕ್ಷೆಯುಂಟು, ಮೌಲ್ಯಮಾಪನವುಂಟು ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ತಿಳಿದವರಲ್ಲಿಯೂ ಅದು ಹೇಗೆ ನಡೆಯುತ್ತದೆ, ಎಲ್ಲಿ ತಪ್ಪುತ್ತದೆ ಎಂದು ವಿಚಾರಿಸಿದವರು ಕಡಿಮೆ.

ಇಲ್ಲಿ ಎರಡು ಬೇರೆ ಬೇರೆ ವಿಷಯಗಳು ಬಹುಮಟ್ಟಿಗೆ ಬೆರೆತುಹೋಗುತ್ತವೆ. ಬೇಗಂಪೇಟೆಯಲ್ಲಿ ನೇತ್ರವೈದ್ಯ ಡಾ. ಸಾಯಿಬಾಬಾ ಗೌಡ್ ಅವರು 1991ರಲ್ಲಿ ಸ್ಥಾಪಿಸಿದ ದೇವನಾರ್ ಅಂಧರ ಶಾಲೆಯಿದೆ. ದೃಷ್ಟಿಯಿಲ್ಲದ ವಿದ್ಯಾರ್ಥಿಯು ಇತರರು ಬರೆಯುವ ಪರೀಕ್ಷೆಯನ್ನೇ ಬರೆಯಬಲ್ಲನು. ಬದಲಾಗುವುದು ವಿಧಾನ ಮಾತ್ರ. ಅವನು ಹೇಳಿದುದನ್ನು ಬರೆದುಕೊಡಲು ಸಹಾಯಕನೊಬ್ಬನಿರುತ್ತಾನೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಂತೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಕಾಲಾವಕಾಶವೂ ದೊರೆಯುತ್ತದೆ. ಅಂಗವೈಕಲ್ಯವುಳ್ಳ ವ್ಯಕ್ತಿಗಳ ಹಕ್ಕುಗಳ 2016ರ ಅಧಿನಿಯಮವು ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿಯನ್ನೂ ಹೆಸರಿಸಿದೆ. ಇವು ದಯೆಯಿಂದ ನೀಡುವ ರಿಯಾಯಿತಿಗಳಲ್ಲ, ಹಕ್ಕುಗಳು.

ಆದರೆ ತೀವ್ರವಾದ ಬೌದ್ಧಿಕ ವೈಕಲ್ಯವುಳ್ಳ ಮಗುವಿಗೆ ಮೂರು ಗಂಟೆಯ ಬದಲು ಆರು ಗಂಟೆ ಕೊಟ್ಟರೂ ಪ್ರಯೋಜನವಿಲ್ಲ. ಅಲ್ಲಿ ಬದಲಾಗಬೇಕಾದುದು ಪರೀಕ್ಷೆಯೇ. ಈ ವಿಷಯದಲ್ಲಿ ನಮ್ಮ ನೆರೆಯಲ್ಲಿಯೇ ಬಹಳಷ್ಟು ಕೆಲಸ ನಡೆದಿದೆ. ಬೇಗಂಪೇಟೆಯಿಂದ ತಾಡ್‌ಬಂದ್ ಹನುಮಾನ್ ಮಂದಿರದ ಕಡೆಯಿಂದ ಹೋದರೆ ಸಿಗುವ ಬೋವೆನ್‌ಪಲ್ಲಿಯ ಮನೋವಿಕಾಸ ನಗರದಲ್ಲಿ, 1984ರಲ್ಲಿ ರಾಷ್ಟ್ರೀಯ ಬುದ್ಧಿಮಾಂದ್ಯರ ಸಂಸ್ಥೆ ಆರಂಭವಾಯಿತು. ಬೌದ್ಧಿಕ ವೈಕಲ್ಯವುಳ್ಳ ವ್ಯಕ್ತಿಗಳ ಸಬಲೀಕರಣ ಸಂಸ್ಥೆಯೆಂಬುದು ಅದರ ಇಂದಿನ ಹೆಸರು. ಆಟೋ ಚಾಲಕರಿಗೆ ಮಾತ್ರ ಅದು ಇನ್ನೂ ಹಳೆಯ ಹೆಸರಿನಿಂದಲೇ ಪರಿಚಿತವಾಗಿದ್ದರೆ ಆಶ್ಚರ್ಯವಿಲ್ಲ.

ಬುದ್ಧಿಯನ್ನು ಅಳೆಯುವ ಪರೀಕ್ಷೆಗಳಿಗೆ ದೀರ್ಘ ಇತಿಹಾಸವಿದೆ. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ತನ್ನ ಸಹೋದ್ಯೋಗಿ ಸಿಮೋನನೊಡನೆ ಮೊದಲ ಮಾಪಕವನ್ನು ರಚಿಸಿದುದು ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು. ಕನ್ನಡಿಗರು ಹೆಮ್ಮೆಪಡಬಹುದಾದ ಸಂಗತಿಯೆಂದರೆ, ಡಾ. ವಿ. ವಿ. ಕಾಮತರು 1934ರಲ್ಲಿ ಈ ಮಾಪಕವನ್ನು ಅಂದಿನ ಮುಂಬಯಿ-ಕರ್ನಾಟಕ ಭಾಗದ ಮಕ್ಕಳಿಗೆ ಹೊಂದಿಸಿ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಸಿದ್ಧಪಡಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂದು ಅದು ದೇಶದಾದ್ಯಂತ ಪ್ರಸಿದ್ಧವಾಯಿತು. ಈ ಬಗೆಯ ಪರೀಕ್ಷೆಯಿಂದ ಬುದ್ಧಿಲಬ್ಧವೆಂಬ ಒಂದು ಅಂಕಿ ಬರುತ್ತದೆ. ವೈಕಲ್ಯದ ತೀವ್ರತೆಯನ್ನು ಗುರುತಿಸಲು ಆ ಅಂಕಿ ನೆರವಾಗುತ್ತದೆ. ಆದರೆ ಮಗುವಿಗೆ ನಾಳೆ ಬೆಳಿಗ್ಗೆ ಏನು ಕಲಿಸಬೇಕೆಂಬುದನ್ನು ಅದು ಹೇಳುವುದಿಲ್ಲ. ವಹಿವಾಟಿನ ವಿವರವನ್ನು ನೋಡದೆ ಖಾತೆಯ ಶಿಲ್ಕನ್ನು ಮಾತ್ರ ನೋಡಿದಂತೆ ಅದು.

ಆ ವಿವರವನ್ನು ಒದಗಿಸುವುದು ಎರಡನೆಯ ಬಗೆಯ ಮೌಲ್ಯಮಾಪನ. ಮದ್ರಾಸಿನ ವಿಜಯ್ ಹ್ಯೂಮನ್ ಸರ್ವಿಸಸ್‌ನ ಪಿ. ಜಯಚಂದ್ರನ್ ಮತ್ತು ವಿ. ವಿಮಲಾ ಅವರು ರಚಿಸಿದ ಕ್ರಮದಲ್ಲಿ 18 ವಿಭಾಗಗಳು, ವಿಭಾಗಕ್ಕೆ 20ರಂತೆ 360 ಅಂಶಗಳಿವೆ. ಬೋವೆನ್‌ಪಲ್ಲಿಯ ಸಂಸ್ಥೆಯಿಂದ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ಅವರು 1992ರಲ್ಲಿ ಹೊರತಂದ ಮಾಪಕದ ಮೊದಲ ಭಾಗದಲ್ಲಿ 7 ಕ್ಷೇತ್ರಗಳು, 280 ಅಂಶಗಳು. ಅವರಲ್ಲಿ ವೆಂಕಟೇಶನ್ ಅವರು ಮುಂದೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ವಿಶೇಷ ಶಾಲೆಗಳ ಉಪಯೋಗಕ್ಕಾಗಿ ಅದೇ ಸಂಸ್ಥೆಯಲ್ಲಿ ರೂಪುಗೊಂಡ ಮತ್ತೊಂದು ತಾಳೆಪಟ್ಟಿಯು ಪೂರ್ವಪ್ರಾಥಮಿಕದಿಂದ ವೃತ್ತಿಪೂರ್ವ ಹಂತದವರೆಗೆ ಮಕ್ಕಳನ್ನು ಗುಂಪು ಮಾಡುತ್ತದೆ. ತನ್ನ ಹಂತದ ಅಂಶಗಳಲ್ಲಿ 80 ಶೇಕಡಾ ಸಾಧಿಸಿದ ಮಗು ಮೇಲಿನ ಹಂತಕ್ಕೆ ಹೋಗುತ್ತದೆ. ನಮ್ಮ ಶಾಲೆಗಳ 35 ಅಂಕದ ತೇರ್ಗಡೆಗೆ ಹೋಲಿಸಿದರೆ ಇದು ಕಠಿಣವೆಂದು ತೋರಬಹುದು. ಆದರೆ ಅರ್ಧ ಗುಂಡಿ ಹಾಕಿದ ಅಂಗಿಯನ್ನು ತೊಟ್ಟು ಯಾರೂ ಹೊರಗೆ ಹೋಗಲಾರರಷ್ಟೆ.

ಪರೀಕ್ಷೆ ನಡೆಯುವುದು ಹೀಗೆ. ಶಿಕ್ಷಕಿ ಒಂದು ಮಗುವನ್ನು ಮಾತ್ರ ಕೂರಿಸಿಕೊಳ್ಳುತ್ತಾಳೆ. ಅಂಶ: ‘ಅಂಗಿಯ ಗುಂಡಿ ಹಾಕುತ್ತದೆ.’ ಅಂಗಿ ಕೊಟ್ಟು ಸುಮ್ಮನೆ ಕಾಯುತ್ತಾಳೆ. ಮಗು ತಾನಾಗಿ ಹಾಕಿದರೆ ಒಂದು ಗುರುತು. ಗುಂಡಿಯತ್ತ ಬೆರಳು ತೋರಿಸಿದ ಮೇಲೆ ಹಾಕಿದರೆ ಬೇರೊಂದು. ‘ಗುಂಡಿ ಹಿಡಿ, ತೂತಿನೊಳಗೆ ಸೇರಿಸು’ ಎಂದು ಬಾಯಿಮಾತಿನಿಂದ ಹೇಳಬೇಕಾದರೆ ಮತ್ತೊಂದು. ಕೈಹಿಡಿದು ಮಾಡಿಸಬೇಕಾದರೆ ಇನ್ನೊಂದು. ಸಾಮಾನ್ಯ ಪರೀಕ್ಷೆಯಲ್ಲಿ ಉತ್ತರ ಸರಿ ಅಥವಾ ತಪ್ಪು. ಇಲ್ಲಿ ಎಷ್ಟು ಸಹಾಯದಿಂದ ಉತ್ತರ ಬಂತೆಂಬುದೇ ಮುಖ್ಯ. ಜೂನ್ ತಿಂಗಳಲ್ಲಿ ಕೈಹಿಡಿದು ಮಾಡಿಸಿದ ಕೆಲಸವನ್ನು ಮಗು ಡಿಸೆಂಬರಿನಲ್ಲಿ ಬಾಯಿಮಾತಿನಿಂದಲೇ ಮಾಡಿದರೆ ಅದು ಪ್ರಗತಿ. ಹೊರಗಿನವರ ಕಣ್ಣಿಗೆ ಕಾಣದ ಈ ಪ್ರಗತಿ ಕಾಗದದ ಮೇಲೆ ಮೂಡುವುದರಿಂದ ತಾಯಿತಂದೆಯರ ಕೈಗೆ ಸಿಗುತ್ತದೆ.

ಅಮೆರಿಕದಲ್ಲಿ 1997ರ ಕಾಯಿದೆಯ ತಿದ್ದುಪಡಿಯಿಂದ ಪ್ರತಿಯೊಂದು ರಾಜ್ಯವೂ 2000ದ ಜುಲೈ ವೇಳೆಗೆ ಇಂತಹ ಮಕ್ಕಳಿಗಾಗಿ ಪರ್ಯಾಯ ಪರೀಕ್ಷೆ ನಡೆಸುವುದು ಕಡ್ಡಾಯವಾಯಿತು. ಅದರ ನೆಪದಲ್ಲಿ ಓದಬಲ್ಲ ಮಕ್ಕಳನ್ನೂ ಅತ್ತ ತಳ್ಳದಿರಲೆಂದು, ಪರೀಕ್ಷೆ ಬರೆಯುವ ಒಟ್ಟು ವಿದ್ಯಾರ್ಥಿಗಳ ಶೇಕಡಾ 1ಕ್ಕೆ ಅದನ್ನು 2015ರಲ್ಲಿ ಮಿತಿಗೊಳಿಸಿದರು. ನಮ್ಮಲ್ಲಿ ಈ ಕಾರ್ಯ ಬಹುಮಟ್ಟಿಗೆ ಶಾಲೆಯ ಶ್ರದ್ಧೆಯನ್ನೇ ಅವಲಂಬಿಸಿದೆ. ಆದುದರಿಂದ ಪೋಷಕರು ತಿಳಿದುಕೊಂಡಿರುವುದು ಹೆಚ್ಚು ಅವಶ್ಯ.

ಹೈದರಾಬಾದಿನ ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಬೀದರ್, ಕಲಬುರಗಿ, ರಾಯಚೂರುಗಳಿಂದ ಬಂದ ಹಿರಿಯರಿಗೆ, ಇತ್ತೀಚೆಗೆ ಬೆಂಗಳೂರು, ಹುಬ್ಬಳ್ಳಿಗಳಿಂದ ವರ್ಗವಾಗಿ ಬಂದವರಿಗೆ ತೆಲುಗು, ಉರ್ದು, ಇಂಗ್ಲಿಷುಗಳ ಮಿಶ್ರಣ ಕ್ರಮೇಣ ರೂಢಿಯಾಗುತ್ತದೆ. ಅವರ ಇತರ ಮಕ್ಕಳು ಆಟದ ಮೈದಾನದಲ್ಲಿ ಆರು ತಿಂಗಳಲ್ಲಿ ತೆಲುಗು ಕಲಿಯುತ್ತಾರೆ. ಮನೆಯಲ್ಲಿಯೇ ಬೆಳೆದ ಈ ಮಗುವಿಗೆ ಮಾತ್ರ ತಾಯಿಯ ನುಡಿಯೊಂದೇ ಗೊತ್ತು. ಅದನ್ನು ಪರೀಕ್ಷಕರ ಮುಂದೆ ಕೂರಿಸಿ ‘ಚೆವಿ ಚೂಪಿಂಚು’ ಎಂದರೆ, ಕಿವಿಯನ್ನು ಚೆನ್ನಾಗಿ ಬಲ್ಲ ಮಗು ಸುಮ್ಮನೆ ನೋಡುತ್ತದೆ. ‘ಮೀ ಇಲ್ಲು ಎಕ್ಕಡ?’ ಎಂದು ಮನೆಯ ವಿಚಾರ ಕೇಳಿದರೆ, ‘ಇಲ್ಲ’ ಎಂಬ ಪರಿಚಿತ ಶಬ್ದವನ್ನು ಕೇಳಿದಂತಾಗಿ ತಲೆಯಲ್ಲಾಡಿಸುತ್ತದೆ. ಎರಡೂ ಕಡೆ ‘ಮಾಡಲಿಲ್ಲ’ ಎಂಬ ಗುರುತು ಬೀಳುತ್ತದೆ. ಹೀಗೆ ಇಪ್ಪತ್ತು ಅಂಶಗಳು ಬಿದ್ದರೆ ಸಾಧಾರಣ ಮಟ್ಟದ ವೈಕಲ್ಯವು ತೀವ್ರವೆಂದು ದಾಖಲಾಗಬಹುದು. ಮಗು ಅಕ್ಷರ ಕಲಿಯುವ ಗುಂಪಿಗೆ ಹೋಗದೆ ಕೇವಲ ಆರೈಕೆಯ ಗುಂಪಿನಲ್ಲಿ ವರ್ಷಗಟ್ಟಲೆ ಉಳಿಯಬಹುದು. ಇದು ಮಗುವಿನ ದೋಷವಲ್ಲ, ಪರೀಕ್ಷೆಯದೂ ಅಲ್ಲ. ಮನೆಯ ಭಾಷೆ ಕನ್ನಡವೆಂದು ಮೊದಲೇ ತಿಳಿಸಿ, ಪರೀಕ್ಷಕರು ಹೇಳುವ ಸೂಚನೆಗಳನ್ನು ಕನ್ನಡದಲ್ಲಿ ನುಡಿಯಬಲ್ಲವರೊಬ್ಬರು ಜೊತೆಗಿರಲೆಂದು ಕೋರಬೇಕು. ಹಾಗೆ ನುಡಿಯುವವರು ಸೂಚನೆಯನ್ನಷ್ಟೇ ಹೇಳತಕ್ಕದ್ದು. ಕಣ್ಸನ್ನೆಯಿಂದ ಉತ್ತರವನ್ನು ಹೇಳಿಕೊಡಬಾರದು. ಅಜ್ಜಿಯಂದಿರಿಗೆ ಈ ಸಂಯಮ ಕಷ್ಟ.

ಆರೋಗ್ಯದ ವಿಚಾರವೂ ಇಷ್ಟೇ ಮುಖ್ಯ. ಬುದ್ಧಿಯನ್ನು ಅಳೆಯುವ ಮೊದಲು ಕಿವಿ ಮತ್ತು ಕಣ್ಣುಗಳ ತಪಾಸಣೆ ಆಗಿರಬೇಕು. ಅರ್ಧ ಕಿವುಡಾದ ಮಗು ಮಂದಮತಿಯಂತೆ ತೋರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಶ್ರವಣದೋಷ, ದೃಷ್ಟಿದೋಷ, ಥೈರಾಯ್ಡ್ ಗ್ರಂಥಿಯ ಕೊರತೆ ಹೆಚ್ಚಾಗಿ ಕಾಣುವುದರಿಂದ ಅವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅಪಸ್ಮಾರದ ಕೆಲವು ಔಷಧಗಳು ಮಂಪರು ತರುತ್ತವೆ. ಅಂತಹ ಮಗುವಿಗೆ ಯಾವ ವೇಳೆ ಚುರುಕಿನದೆಂದು ತಾಯಿ ಪರೀಕ್ಷಕರಿಗೆ ತಿಳಿಸಿ ಆ ವೇಳೆಯನ್ನೇ ಕೇಳಬೇಕು. ಪರೀಕ್ಷೆಗೆಂದು ಔಷಧವನ್ನು ತಾವಾಗಿ ನಿಲ್ಲಿಸಲೇಬಾರದು. ಹಸಿವು, ನಿದ್ದೆಗೇಡು, ಹಿಂದಿನ ರಾತ್ರಿಯ ಜ್ವರ ಇವೆಲ್ಲವೂ ಫಲಿತಾಂಶವನ್ನು ಕೆಡಿಸುತ್ತವೆ. ಅಂತಹ ದಿನ ಬೇರೆ ದಿನಾಂಕವನ್ನು ಕೇಳಿ ಪಡೆಯುವುದರಲ್ಲಿ ಸಂಕೋಚವೇಕೆ?

ಮತ್ತೆ ಕೆಲವು ಅಂಶಗಳನ್ನು ಪೋಷಕರನ್ನು ಕೇಳಿಯೇ ತುಂಬುತ್ತಾರೆ. ‘ತಾನಾಗಿ ಊಟ ಮಾಡುತ್ತದೆಯೇ?’ ಎಂದರೆ ಮಮತೆಯ ತಾಯಿ ‘ಇಲ್ಲ’ ಎನ್ನುತ್ತಾಳೆ. ವಾಸ್ತವವಾಗಿ ಹದಿಮೂರು ವರ್ಷದ ಮಗನಿಗೆ ಅವಳೇ ತುತ್ತಿಡುತ್ತಾ ಬಂದಿದ್ದಾಳೆ. ತಟ್ಟೆಯನ್ನು ಅವನ ಮುಂದಿಟ್ಟು ನೋಡಿಯೇ ಇಲ್ಲ. ಮಾಡಲಾರದುದು ಬೇರೆ, ಮಾಡುವ ಅವಕಾಶ ದೊರೆಯದುದು ಬೇರೆ. ತಾಳೆಪಟ್ಟಿಯಲ್ಲಿ ಎರಡನೆಯದಕ್ಕೆ ಪ್ರತ್ಯೇಕ ಗುರುತೇ ಇದೆ. ಆ ಗುರುತು ಎಷ್ಟು ಕಡೆ ಬಿದ್ದಿದೆಯೆಂದು ಎಣಿಸಿದರೆ, ಮನೆಯಲ್ಲಿ ನಾಳೆಯಿಂದ ಏನು ಬದಲಾಗಬೇಕೆಂಬುದು ಸ್ಪಷ್ಟವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ನೆಂಟರ ಮುಂದೆ ಹೇಳುವ ರೀತಿಯಲ್ಲಿ ‘ಎಲ್ಲವನ್ನೂ ಮಾಡುತ್ತಾನೆ’ ಎನ್ನುವ ತಂದೆಯರೂ ಇದ್ದಾರೆ. ಅವರ ಮಗುವಿಗೆ ನಿಲುಕದ ಗುರಿ ಗೊತ್ತಾಗುತ್ತದೆ.

ಹಣದ ಲೆಕ್ಕದ ಅಂಶಗಳನ್ನು ಮಾತ್ರ ಇಂದಿನ ಕಾಲಕ್ಕೆ ಹೊಂದಿಸಿಕೊಳ್ಳಬೇಕಾಗಿದೆ. ನಾಣ್ಯಗಳನ್ನು ಗುರುತಿಸುವುದು ಒಳ್ಳೆಯದೇ. ಆದರೆ ಬೇಗಂಪೇಟೆಯ ಸೊಪ್ಪಿನ ಗಾಡಿಯ ಮುಂದೆಯೂ ಜನ ಫೋನನ್ನೇ ಹಿಡಿಯುವಾಗ, ಮಗು ನಾಣ್ಯವನ್ನು ನೋಡುವುದಾದರೂ ಎಲ್ಲಿ? ಅದಕ್ಕಾಗಿ ಮನೆಯಲ್ಲಿ ಚಿಲ್ಲರೆಯ ಡಬ್ಬಿಯೊಂದನ್ನು ಇಟ್ಟುಕೊಂಡರೆ ಕೆಲಸವಾಗುತ್ತದೆ.

ಸ್ವಲ್ಪ ಓದಬಲ್ಲ ಮಕ್ಕಳಿಗೆ 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲೆಯ ದಾರಿಯೂ ಇದೆ. ಅದರ ಹತ್ತನೆಯ ತರಗತಿಯ ವಿಷಯಗಳನ್ನು ಒಂದೊಂದಾಗಿ ಐದು ವರ್ಷಗಳಲ್ಲಿ ಮುಗಿಸಬಹುದು.

ಕೊನೆಗೆ ಕಾಗದಪತ್ರಗಳ ಮಾತು. ವರ್ಗಾವಣೆಯ ನೌಕರಿಯಲ್ಲಿರುವವರು ಸಾಮಾನ್ಯವಾಗಿ ಪ್ರಮಾಣಪತ್ರವೊಂದನ್ನೇ ಜೋಪಾನ ಮಾಡುತ್ತಾರೆ. ಹೊಸ ಊರಿನ ಶಾಲೆಗೆ ಅದರಿಂದ ಆಗುವ ಉಪಯೋಗ ಅಲ್ಪ. ಪ್ರತಿಯೊಂದು ಅಂಶದ ಎದುರಿಗೆ ಬಿದ್ದ ಗುರುತುಗಳಿರುವ ಪೂರ್ಣ ತಾಳೆಪಟ್ಟಿಯ ನಕಲನ್ನು ವರ್ಷವರ್ಷವೂ ಶಾಲೆಯಿಂದ ಪಡೆದಿಡಬೇಕು. ಅದರ ಮೊದಲ ಪುಟದಲ್ಲಿ ಪರೀಕ್ಷೆ ನಡೆದ ದಿನಾಂಕ, ಮಗು ಅಂದು ತೆಗೆದುಕೊಂಡಿದ್ದ ಔಷಧ, ಸೂಚನೆಗಳನ್ನು ಹೇಳಿದ ಭಾಷೆ, ಈ ಮೂರನ್ನೂ ಬರೆಯಿಸಿಕೊಳ್ಳಬೇಕು. ಹಾಗಿದ್ದರೆ ಹುಬ್ಬಳ್ಳಿಯಲ್ಲಾಗಲಿ ಪುಣೆಯಲ್ಲಾಗಲಿ ಮುಂದಿನ ಶಿಕ್ಷಕಿ ಅಂಗಿಯ ಮೂರನೆಯ ಗುಂಡಿಯಿಂದಲೇ ಮುಂದುವರಿಸಬಲ್ಲಳು.