ಲಸಿಕೆ ಹಂದಿಗೆ, ರಕ್ಷೆ ಉಣ್ಣುವವರಿಗೆ

ಉಣ್ಣುವವರಿಗೆ ಕಾಯಿಲೆ ತರಬಲ್ಲ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹಂದಿಯ ಹೊಟ್ಟೆಯಲ್ಲಿ ಸೇರಿಕೊಂಡಿದ್ದರೂ ಸಾಕುವವರಿಗೆ ಅದು ಬಹಳ ಸಲ ಗೊತ್ತೇ ಆಗುವುದಿಲ್ಲ. ತಾಯಿಯಿಂದ ಬೇರೆ ಮಾಡಿದ ಮರಿಗಳಲ್ಲಿ ಕೆಲವಕ್ಕೆ ಜ್ವರ, ಭೇದಿ ಕಾಣಿಸಿಕೊಳ್ಳಬಹುದು. ಉಳಿದವು ಚೆನ್ನಾಗಿ ಮೇವು ತಿಂದು ಮೈತುಂಬಿಕೊಳ್ಳುತ್ತವೆ. ಬ್ಯಾಕ್ಟೀರಿಯಾ ಮಾತ್ರ ಅವುಗಳ ಟಾನ್ಸಿಲ್, ಕರುಳು, ದುಗ್ಧಗ್ರಂಥಿಗಳಲ್ಲಿ ಅಡಗಿರುತ್ತದೆ. ಕಸಾಯಿಖಾನೆಗೆ ಹೋಗುವ ಲಾರಿಯಲ್ಲಿ ಹಂದಿ ಗಾಬರಿಗೊಂಡು ಬಳಲಿದಾಗ ಅದು ಮಲದೊಂದಿಗೆ ಮತ್ತೆ ಹೊರಬರುತ್ತದೆ. ಕಸಾಯಿಖಾನೆಯ ಕೊಳಕು ದೊಡ್ಡಿಯಲ್ಲಿ ಕೆಲವೇ ಗಂಟೆ ನಿಂತರೂ ಸಾಕು, ಸೋಂಕಿಲ್ಲದ ಹಂದಿಗೂ ಅಂಟಿಕೊಳ್ಳುತ್ತದೆ. 2006–07ರಲ್ಲಿ ಯುರೋಪ್ ಒಕ್ಕೂಟದ ದೇಶಗಳು ಕಸಾಯಿಖಾನೆಗಳಲ್ಲಿ ಸಮೀಕ್ಷೆ ನಡೆಸಿದಾಗ ಸುಮಾರು ಹತ್ತರಲ್ಲಿ ಒಂದು ಹಂದಿಯ ದುಗ್ಧಗ್ರಂಥಿಯಲ್ಲಿ ಸಾಲ್ಮೊನೆಲ್ಲಾ ಸಿಕ್ಕಿತು. ಬ್ರಿಟನ್ನಿನಲ್ಲಿ ಇದು ಸುಮಾರು ಐದರಲ್ಲಿ ಒಂದು.

ಹಂದಿಗೆ ಲಸಿಕೆ ಹಾಕಿದರೆ ಇದನ್ನು ತಡೆಯಬಹುದೇ? ಈ ಬ್ಯಾಕ್ಟೀರಿಯಾಕ್ಕೂ ಲಸಿಕೆಗೂ ಹಳೆಯ ನಂಟಿದೆ. ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ (ಸಾಲ್ಮೊನೆಲ್ಲಾ ಎಂಬ ಹೆಸರು ಬಂದದ್ದು ಇವರಿಂದಲೇ) ಮತ್ತು ಅವರ ಸಹಾಯಕ ಥಿಯೊಬಾಲ್ಡ್ ಸ್ಮಿತ್ ಹಂದಿಗಳಿಂದ ಪಡೆದ ಬ್ಯಾಕ್ಟೀರಿಯಾವನ್ನು ಕಾಯಿಸಿ ಕೊಂದು, ಪಾರಿವಾಳಗಳಿಗೆ ಚುಚ್ಚಿದರು. ಆ ಪಾರಿವಾಳಗಳು ಜೀವಂತ ಬ್ಯಾಕ್ಟೀರಿಯಾವನ್ನೂ ತಾಳಿಕೊಂಡವು. ಸತ್ತ ಸೂಕ್ಷ್ಮಾಣುವಿನಿಂದಲೂ ರೋಗನಿರೋಧಕ ಶಕ್ತಿ ಬರುತ್ತದೆಂದು 1886ರಲ್ಲಿ ತೋರಿಸಿದ ಪ್ರಯೋಗವಿದು.

ಆದರೆ ಹಂದಿಯ ಕರುಳಿನಲ್ಲಿ ಸತ್ತ ಲಸಿಕೆಯ ಆಟ ಅಷ್ಟಾಗಿ ನಡೆಯುವುದಿಲ್ಲ. ಅದರಿಂದ ಹುಟ್ಟುವ ಪ್ರತಿಕಾಯಗಳು ರಕ್ತದಲ್ಲಿ ಕಾವಲಿರುತ್ತವೆ. ಸಾಲ್ಮೊನೆಲ್ಲಾವೋ, ತನ್ನನ್ನು ನುಂಗಲು ಬಂದ ಬಿಳಿ ರಕ್ತಕಣಗಳ ಒಳಗೇ ಬೀಡುಬಿಡುತ್ತದೆ. ಅಲ್ಲಿಗೆ ಪ್ರತಿಕಾಯ ತಲುಪದು. ಸೋಂಕು ತಗಲಿದ ಜೀವಕೋಶವನ್ನೇ ಗುರುತಿಸುವ ಟಿ-ಕಣಗಳು ಎಚ್ಚೆತ್ತುಕೊಳ್ಳಬೇಕು. ಅದಕ್ಕೇ ಜರ್ಮನಿಯಲ್ಲಿ ಬಳಕೆಗೆ ಬಂದ ಲಸಿಕೆಯಲ್ಲಿ ಇರುವುದು ಜೀವಂತ, ಆದರೆ ದುರ್ಬಲಗೊಳಿಸಿದ, ಟೈಫಿಮ್ಯೂರಿಯಂ ಎಂಬ ಬಗೆಯ ಸಾಲ್ಮೊನೆಲ್ಲಾ ತಳಿ. ಹಿಸ್ಟಿಡಿನ್, ಅಡೆನಿನ್ ಎಂಬ ಎರಡು ಪೋಷಕಗಳನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿಯನ್ನು ಅದು ಕಳೆದುಕೊಂಡಿದೆ. ಹಂದಿಯ ಮೈಯೊಳಗೆ ಅವು ಬೇಕಾದಷ್ಟು ಸಿಗದ ಕಾರಣ ಸ್ವಲ್ಪ ಕಾಲ ಬದುಕಿ, ರೋಗ ತರಿಸುವಷ್ಟು ಬೆಳೆಯುವ ಮೊದಲೇ ಸೊರಗಿಹೋಗುತ್ತದೆ. ಅಷ್ಟರಲ್ಲಿ ದೇಹ ಶತ್ರುವನ್ನು ಪರಿಚಯ ಮಾಡಿಕೊಂಡಿರುತ್ತದೆ.

ಮರಿಗೆ ಮೂರು ವಾರವಾದಾಗ ಲಸಿಕೆಯನ್ನು ಬಾಯಿಗೆ ಹಾಕುತ್ತಾರೆ, ಮೂರು ವಾರ ಬಿಟ್ಟು ಇನ್ನೊಮ್ಮೆ. ಬಾಯಿಯ ಮೂಲಕ ಹೋದರೆ ಸೋಂಕು ಬರುವ ದಾರಿಯಲ್ಲೇ ಕಾವಲು ಹುಟ್ಟುತ್ತದೆ. ತಾಯಿಹಂದಿಗೆ ಮರಿಹಾಕುವ ಮುಂಚೆ ಚುಚ್ಚುಮದ್ದು. ಹಂದಿಯ ಗರ್ಭದಲ್ಲಿ ತಾಯಿಯ ಪ್ರತಿಕಾಯಗಳು ಮರಿಗೆ ದಾಟುವುದಿಲ್ಲ. ಹುಟ್ಟಿದ ಮೊದಲ ದಿನ ಕುಡಿಯುವ ಗಿಣ್ಣುಹಾಲೇ ಅದಕ್ಕೆ ಆಸರೆ. ತಾಯಿಗೆ ಲಸಿಕೆ ಹಾಕಿದರೆ ಆ ಹಾಲು ಗಟ್ಟಿ ರಕ್ಷಣೆಯಾಗುತ್ತದೆ, ತಾಯಿಯ ಮಲದಿಂದ ಮರಿಗೆ ಅಂಟುವ ಬ್ಯಾಕ್ಟೀರಿಯಾವೂ ಕಡಿಮೆಯಾಗುತ್ತದೆ.

ಲಸಿಕೆ ಸೋಂಕನ್ನು ತಗ್ಗಿಸುತ್ತದೆ, ಬೇರುಸಹಿತ ಕೀಳುವುದಿಲ್ಲ. ಹಂದಿಗಳ ಒಂದು ತಂಡ ಹೋದ ಮೇಲೆ ಕೊಟ್ಟಿಗೆ ತೊಳೆದು ಒಣಗಿಸುವುದು, ಇಲಿಗಳ ಹಾವಳಿ ತಡೆಯುವುದು, ನೀರಿಗೆ ಸಾವಯವ ಆಮ್ಲ ಬೆರೆಸುವುದು ಇವೆಲ್ಲ ಜೊತೆಗೇ ನಡೆಯಬೇಕು. ಇನ್ನೊಂದು ತೊಡಕೂ ಇದೆ. ಡೆನ್ಮಾರ್ಕ್ 1995ರಿಂದ ಕಸಾಯಿಖಾನೆಯಲ್ಲಿ ಮಾಂಸದ ತುಣುಕನ್ನು ಹೆಪ್ಪುಗಟ್ಟಿಸಿ, ಕರಗಿಸಿದಾಗ ಒಸರುವ ರಸದಲ್ಲಿ ಪ್ರತಿಕಾಯ ಹುಡುಕಿ, ಫಾರಂಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸುತ್ತಿದೆ. ಲಸಿಕೆ ಪಡೆದ ಹಂದಿಯಲ್ಲೂ ಪ್ರತಿಕಾಯ ಇರುವುದರಿಂದ ಇಂಥ ಪರೀಕ್ಷೆಯಲ್ಲಿ ಅದೂ ಸೋಂಕಿತ ಹಂದಿಯಂತೆಯೇ ತೋರಬಹುದು.

ಲಸಿಕೆಯ ಫಲ ಕೋಳಿಗಳಲ್ಲಿ ಕಂಡಿದೆ. ಬ್ರಿಟನ್ನಿನಲ್ಲಿ 1998ರಿಂದ ಮೊಟ್ಟೆಕೋಳಿಗಳಿಗೆ ವ್ಯಾಪಕವಾಗಿ ಲಸಿಕೆ ಹಾಕಿದ ಮೇಲೆ ಮೊಟ್ಟೆಯಿಂದ ಬರುವ ಸಾಲ್ಮೊನೆಲ್ಲಾ ಕಾಯಿಲೆ ಗಣನೀಯವಾಗಿ ಇಳಿಯಿತು. ಯುರೋಪ್ ಒಕ್ಕೂಟ ಕೋಳಿಗಳಿಗೆ ಸೋಂಕು ಇಳಿಸುವ ಗುರಿ ಗೊತ್ತುಮಾಡಿತು. ಹಂದಿಗಳಿಗೆ ಅಂಥ ಗುರಿ ಬರಲಿಲ್ಲ. ಮೂಲ ಸಮಸ್ಯೆ ಲೆಕ್ಕಾಚಾರದ್ದು. ಕಾಯಿಲೆಯೇ ಕಾಣದ ಹಂದಿಗೆ ಲಸಿಕೆಯ ಖರ್ಚು ಹೊರುವವರು ರೈತರು, ಲಾಭ ಸಿಗುವುದು ದೂರದ ಊರಿನಲ್ಲಿ ಊಟ ಮಾಡುವವರಿಗೆ. ಸಾಲ್ಮೊನೆಲ್ಲಾದ ಕೆಲವು ತಳಿಗಳು ಹಲವು ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಈ ಕಾಲದಲ್ಲಿ ಸೋಂಕನ್ನು ಕೊಟ್ಟಿಗೆಯಲ್ಲೇ ತಗ್ಗಿಸುವುದು ಜಾಣತನ. ಅದು ಸಾರ್ವಜನಿಕ ಆರೋಗ್ಯದ ಕೆಲಸವಾದ್ದರಿಂದ ಖರ್ಚಿನ ಒಂದು ಪಾಲನ್ನು ಸಮಾಜವೇ ಹೊರಬೇಕು. ರೈತರ ಮೇಲಷ್ಟೇ ಹೊರೆ ಹಾಕಿದರೆ ಎಷ್ಟು ಒಳ್ಳೆಯ ಲಸಿಕೆಯಾದರೂ ಔಷಧಿ ಅಂಗಡಿಯಲ್ಲೇ ಉಳಿಯುತ್ತದೆ.