ವಿದ್ಯಾರ್ಥಿಯ ದಿನಚರಿಯಲ್ಲಿ ಮೊದಲ ಮಣೆ ಯಾವುದಕ್ಕೆ?

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಬೆಳಗಿನ ಎಂಟೂವರೆಯ ಹೊತ್ತಿಗೆ ನಿಂತು ನೋಡಿದವರಿಗೆ ಆ ಊರಿನ ತಾರುಣ್ಯವೆಲ್ಲ ಒಂದೇ ದಿಕ್ಕಿಗೆ ಹರಿಯುತ್ತಿರುವಂತೆ ತೋರುತ್ತದೆ. ರಾಷ್ಟ್ರೀಯ ಶಿಕ್ಷಣ ಸಮಿತಿಯವರು 1980ರಲ್ಲಿ ಆರಂಭಿಸಿದ ಜವಾಹರಲಾಲ್ ನೆಹರೂ ರಾಷ್ಟ್ರೀಯ ಇಂಜಿನಿಯರಿಂಗ್ ಕಾಲೇಜು ಇರುವುದು ಈ ರಸ್ತೆಯಲ್ಲಿಯೇ. ಬಸ್ಸಿನಿಂದ ಇಳಿಯುವವರು, ದ್ವಿಚಕ್ರ ವಾಹನಗಳಲ್ಲಿ ಬರುವವರು, ಭದ್ರಾವತಿಯಿಂದ ಹೊರಟು ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ ಓಡೋಡಿ ಬರುವವರು, ಎಲ್ಲರಿಗೂ ಒಂದೇ ಅವಸರ. ಹಿಂದೆ ಈ ರಸ್ತೆಗೆ ಅಡ್ಡಲಾಗಿ ರೈಲ್ವೆ ಗೇಟು ಇತ್ತು. ತಡವಾಗಿ ತರಗತಿಗೆ ಬಂದವರೆಲ್ಲ "ಗೇಟು ಹಾಕಿತ್ತು ಸಾರ್" ಎಂದು ಹೇಳಿ ಪಾರಾಗುತ್ತಿದ್ದ ಕಾಲವದು. ಈಗ ಅಲ್ಲಿ ಮೇಲ್ಸೇತುವೆ ಬಂದಿದೆ. ಗೇಟಿನ ನೆಪ ಹೋಯಿತು. ತಡವಾಗುವುದು ಮಾತ್ರ ಹೋದಂತೆ ಕಾಣುವುದಿಲ್ಲ.

ನಮ್ಮ ಸಮಾಜದ ಮನೆಗಳಿಗೆ ಹೋದಾಗಲೆಲ್ಲ ಕಾಲೇಜಿಗೆ ಹೋಗುವ ಮಕ್ಕಳ ಬಾಯಲ್ಲಿ ನಾವು ಕೇಳುವ ಮಾತು ಒಂದೇ: "ಓದಲಿಕ್ಕೆ ಪುರುಸೊತ್ತೇ ಸಿಗುವುದಿಲ್ಲ." ತಂದೆತಾಯಿಗಳು ಇದನ್ನು ಮೈಗಳ್ಳತನವೆಂದು ತಿಳಿದು ಗದರುತ್ತಾರೆ. ಮಕ್ಕಳು ಮುಖ ಊದಿಸಿಕೊಳ್ಳುತ್ತಾರೆ. ಇಬ್ಬರೂ ಲೆಕ್ಕ ಹಾಕಿ ನೋಡಿರುವುದಿಲ್ಲ. ಒಮ್ಮೆ ಭದ್ರಾವತಿಯಿಂದ ದಿನವೂ ಓಡಾಡುವ ಹುಡುಗನೊಬ್ಬನನ್ನು ಎದುರಿಗೆ ಕೂರಿಸಿಕೊಂಡು ನಾವೇ ಲೆಕ್ಕ ಬರೆಸಿದೆವು. ವಾರಕ್ಕೆ 168 ಗಂಟೆ. ದಿನಕ್ಕೆ ಏಳು ಗಂಟೆಯಂತೆ ನಿದ್ರೆಗೆ 49 ಕಳೆದರೆ 119 ಉಳಿಯಿತು. ಕಾಲೇಜಿಗೆ 40, ಹೋಗಿಬರುವ ದಾರಿಗೆ ದಿನಕ್ಕೆ ಮೂರರಂತೆ 18, ಸ್ನಾನ, ಪೂಜೆ, ಊಟಗಳಿಗೆ ದಿನಕ್ಕೆ ಮೂರರಂತೆ 21 ತೆಗೆದೆವು. ಉಳಿದದ್ದು 40 ಗಂಟೆ! ಕಾಲೇಜಿನಲ್ಲಿ ಕಳೆಯುವಷ್ಟೇ ಹೊತ್ತು ಕೈಯಲ್ಲಿದೆಯೆಂದರೆ ಹುಡುಗ ನಂಬಲಿಲ್ಲ. ಎರಡು ಸಲ ಕೂಡಿಸಿ ನೋಡಿದ. ಆ ನಲವತ್ತು ಗಂಟೆಗಳು ಕಳೆದುಹೋಗುತ್ತಿದ್ದುದು ಒಟ್ಟಾಗಿ ಅಲ್ಲ. ಹತ್ತು ನಿಮಿಷ ಇಲ್ಲಿ, ಕಾಲು ಗಂಟೆ ಅಲ್ಲಿ, ತೂತುಬಿದ್ದ ಚೀಲದ ಅಕ್ಕಿಯಂತೆ ದಾರಿಯುದ್ದಕ್ಕೂ ಚೆಲ್ಲಿಹೋಗುತ್ತಿದ್ದವು. ಮೊಬೈಲಿನ ಪಾಲು ಇದರಲ್ಲಿ ದೊಡ್ಡದೆಂಬುದು ಎಲ್ಲರೂ ಬಲ್ಲ ಸಂಗತಿಯಾದುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಹಿರಿಯರು ಮೊದಲು ಅರಿಯಬೇಕಾದುದು ಬೇರೊಂದಿದೆ. ನಾವು ಓದಿದ ಕಾಲದಲ್ಲಿ ಪರೀಕ್ಷೆ ವರ್ಷಕ್ಕೊಮ್ಮೆ ಬರುತ್ತಿತ್ತು. ಶ್ರಾವಣ, ದಸರೆ, ದೀಪಾವಳಿಗಳನ್ನೆಲ್ಲ ನೆಮ್ಮದಿಯಾಗಿ ಕಳೆದು, ಶಿವರಾತ್ರಿಯ ಜಾಗರಣೆಯೊಡನೆ ಓದಿನ ಜಾಗರಣೆಯನ್ನೂ ಆರಂಭಿಸಿ ಗೆದ್ದು ಬಂದವರು ಎಷ್ಟೋ ಮಂದಿ. ಇಂದಿನ ಮಕ್ಕಳಿಗೆ ಆ ಅನುಕೂಲವಿಲ್ಲ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ನೂರು ಅಂಕಗಳ ಪೈಕಿ 50 ಅಂಕಗಳು ಸೆಮಿಸ್ಟರ್ ನಡೆಯುತ್ತಿರುವಾಗಲೇ ಆಂತರಿಕ ಮೌಲ್ಯಮಾಪನದಲ್ಲಿ ತೀರ್ಮಾನವಾಗಿಬಿಡುತ್ತವೆ. ಆ ಐವತ್ತರಲ್ಲಿ 20 ಬಾರದಿದ್ದರೆ ಆ ವಿಷಯದ ಅಂತಿಮ ಪರೀಕ್ಷೆಗೆ ಕೂರುವ ಅರ್ಹತೆಯೇ ಇಲ್ಲ. ಹಾಜರಿ ಶೇಕಡ 85 ಇರಬೇಕು. ಎಂದರೆ, ಕೊನೆಯ ತಿಂಗಳಲ್ಲಿ ಹಗಲಿರುಳು ಓದಿದರೂ ಅರ್ಧದಷ್ಟು ಅಂಕಗಳು ಅಷ್ಟರಲ್ಲಿ ಕೈದಾಟಿ ಹೋಗಿರುತ್ತವೆ. "ನಾವೇನು ವರ್ಷವಿಡೀ ಓದಿದ್ದೆವೇ?" ಎಂದು ಮಕ್ಕಳೆದುರು ಹೇಳಿಕೊಳ್ಳುವ ತಂದೆಯಂದಿರು ಈ ಒಂದು ಲೆಕ್ಕವನ್ನು ಗಮನಿಸಬೇಕೆಂದು ನಮ್ಮ ವಿನಂತಿ.

ಹಾಗಾದರೆ ಉಳಿದ ಹೊತ್ತನ್ನು ಹಂಚಿಕೊಳ್ಳುವ ಬಗೆ ಹೇಗೆ? ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಅವರು 1954ರ ಭಾಷಣವೊಂದರಲ್ಲಿ ತುರ್ತಿನ ಕೆಲಸ ಬೇರೆ, ಮಹತ್ವದ ಕೆಲಸ ಬೇರೆ ಎಂಬ ವಿಚಾರವನ್ನು ಹಿರಿಯರೊಬ್ಬರಿಂದ ಕೇಳಿದ್ದೆಂದು ಹೇಳಿದ್ದರು. ಅಂದಿನಿಂದ ಆ ಭೇದ ಲೋಕಪ್ರಸಿದ್ಧವಾಗಿದೆ. ನಮ್ಮ ವಿದ್ಯಾರ್ಥಿಗಳ ಪಾಡನ್ನು ವಿವರಿಸಲು ಇದಕ್ಕಿಂತ ತಕ್ಕ ಮಾತು ನಮಗೆ ಸಿಕ್ಕಿಲ್ಲ. ನಾಳೆ ಒಪ್ಪಿಸಬೇಕಾದ ಪ್ರಯೋಗಾಲಯದ ರೆಕಾರ್ಡು ತುರ್ತಿನದು. ಗೆಳೆಯನ ಹುಟ್ಟುಹಬ್ಬ ತುರ್ತಿನದು. ಟಣ್ಣೆಂದು ಸದ್ದು ಮಾಡುವ ಫೋನು ಎಲ್ಲಕ್ಕಿಂತ ತುರ್ತಿನದು. ಗಣಿತದಲ್ಲಿ ಅರ್ಥವಾಗದೆ ಉಳಿದ ಅಧ್ಯಾಯ ಮಾತ್ರ ಸದ್ದು ಮಾಡುವುದಿಲ್ಲ. ಅದು ಬಡ ನೆಂಟನಂತೆ ಮೂಲೆಯಲ್ಲಿ ಕುಳಿತು ಕಾಯುತ್ತದೆ. ಮೂರು ತಿಂಗಳಾದ ಮೇಲೆ ಎದ್ದು ಬಂದು ಕುತ್ತಿಗೆ ಹಿಡಿಯುತ್ತದೆ. ಆದುದರಿಂದ ದಿನದ ಮೊದಲ ಮಣೆಯನ್ನು ಸದ್ದು ಮಾಡದವನಿಗೆ ಹಾಕಬೇಕು. ಬೆಳಿಗ್ಗೆ ಪೂಜೆ ಮುಗಿಸಿ ಎದ್ದ ಕೂಡಲೆ ಅತ್ಯಂತ ಕಠಿಣವಾದ ವಿಷಯಕ್ಕೆ ಮುಕ್ಕಾಲು ಗಂಟೆ ಕೊಟ್ಟರೆ ಸಾಕು. ನಿತ್ಯ ಲಿಂಗಪೂಜೆಯನ್ನು ನಿಗದಿತ ವೇಳೆಗೆ ಮಾಡುವ ಮಕ್ಕಳಿಗೆ ಇದೊಂದು ಅನುಕೂಲ. ದಿನಕ್ಕೊಂದು ಗೂಟ ನೆಟ್ಟಂತಾಗಿರುತ್ತದೆ, ಇನ್ನೊಂದನ್ನು ಅದಕ್ಕೇ ಕಟ್ಟಬಹುದು. ರೆಕಾರ್ಡನ್ನು ಸಂಜೆಯ ದಣಿದ ಹೊತ್ತಿನಲ್ಲಿಯೂ ಬರೆಯಬಹುದು, ಅದಕ್ಕೆ ತಲೆಗಿಂತ ಕೈಯೇ ಹೆಚ್ಚು ಬೇಕು.

ಇನ್ನೊಂದು ಮಾತು. ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುವುದೆಂಬ ಅಂದಾಜಿನಲ್ಲಿ ಮನುಷ್ಯರೆಲ್ಲರೂ ಎಡವುತ್ತಾರೆ. ಕೆನಡಾ ದೇಶದ ಮನಃಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನಗಳಲ್ಲಿ ಮುಗಿಸುವೆವೆಂದು ಹೇಳಿದ್ದರು. ಹಿಡಿದದ್ದು 55 ದಿನಕ್ಕೂ ಮೇಲೆ. ಅವರೇನೂ ಸೋಮಾರಿಗಳಲ್ಲ. ಕೆಲಸ ಸುಸೂತ್ರವಾಗಿ ನಡೆಯುವುದನ್ನಷ್ಟೇ ಕಣ್ಣಿಗೆ ಕಟ್ಟಿಕೊಂಡು, ಬರುವ ಅಡ್ಡಿಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೆ. ನಮ್ಮ ಮಕ್ಕಳ ವೇಳಾಪಟ್ಟಿಗಳು ಮೂರನೆಯ ದಿನಕ್ಕೇ ಮುರಿದುಬೀಳುವುದೂ ಇದೇ ಕಾರಣದಿಂದ. ಬಣ್ಣಬಣ್ಣದ ಶಾಯಿಯಲ್ಲಿ ಬೆಳಿಗ್ಗೆ ನಾಲ್ಕರಿಂದ ರಾತ್ರಿ ಹನ್ನೊಂದರವರೆಗೆ ತುಂಬಿಸಿದ ಪಟ್ಟಿಯನ್ನು ಕಂಡರೆ ನಮಗೆ ಭಯವಾಗುತ್ತದೆ. ನಲವತ್ತು ಗಂಟೆಯಲ್ಲಿ ಇಪ್ಪತ್ತೈದನ್ನು ಮಾತ್ರ ಹಂಚಿ, ಉಳಿದುದನ್ನು ಜ್ವರಕ್ಕೂ ನೆಂಟರಿಗೂ ಆಟಕ್ಕೂ ಬಿಟ್ಟವನ ಪಟ್ಟಿ ತಿಂಗಳುಗಟ್ಟಲೆ ಬಾಳುತ್ತದೆ. ನಿದ್ರೆಯಿಂದ ಸಾಲ ತೆಗೆಯುವ ಪದ್ಧತಿಯನ್ನಂತೂ ನಾವು ಒಪ್ಪುವುದಿಲ್ಲ.

ಹೊರೆ ಹೊತ್ತು ಓದಿದವರ ದೃಷ್ಟಾಂತಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಸಿದ್ಧಗಂಗೆಯ ಪರಮಪೂಜ್ಯ ಡಾ. ಶಿವಕುಮಾರ ಸ್ವಾಮಿಗಳು (1907–2019) 1930ರಲ್ಲಿ ಮಠದ ಉತ್ತರಾಧಿಕಾರಕ್ಕೆ ಆಯ್ಕೆಯಾದಾಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದರು. ಕಾವಿ ಧರಿಸಿದ ಮೇಲೂ ಕಾಲೇಜಿನ ಓದನ್ನು ಮುಂದುವರಿಸಿದರು. ಅವರ ಶಿಸ್ತನ್ನು ಹೊಗಳುವವರು ಬಹಳ ಮಂದಿ. ಮಠದ ಹೊಣೆ ಹೆಗಲಿಗೇರಲಿದ್ದ ಆ ದಿನಗಳಲ್ಲೂ ಓದು ನಿಲ್ಲದಂತೆ ಅವಕಾಶವಾಯಿತೆಂಬುದು ನಮ್ಮ ಮನಸ್ಸಿನಲ್ಲಿ ಹೆಚ್ಚು ನಿಂತಿದೆ. ಏಕೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಆ ಅವಕಾಶವೇ ಇಲ್ಲ.

ಮಲೆನಾಡಿನ ಅಂಚಿನ ನಮ್ಮ ಮನೆಗಳಲ್ಲಿ ಅಡಿಕೆ ಕೊಯ್ಲು ದೀಪಾವಳಿಯ ಆಸುಪಾಸಿನಲ್ಲಿ ಭರದಿಂದ ಸಾಗಿರುತ್ತದೆ. ಸುಲಿಯುವುದು, ಬೇಯಿಸುವುದು, ಒಣಗಿಸುವುದು, ರಾತ್ರಿ ಹತ್ತಾದರೂ ಮುಗಿಯದು. ಸೆಮಿಸ್ಟರಿನ ಕಿರುಪರೀಕ್ಷೆಗಳೂ ಎಷ್ಟೋ ವರ್ಷ ಅದೇ ದಿನಗಳಲ್ಲಿ ಬಂದು ಕೂಡುತ್ತವೆ. "ಎರಡು ದಿನ ಬಂದು ಹೋಗು" ಎಂದು ಮಗನಿಗೆ ಹೇಳಿಕಳುಹಿಸಿದರೆ ಎರಡು ನಾಲ್ಕಾಗುವುದು ಸಹಜ. ಬೇಸಿಗೆಯಲ್ಲಿ ಮದುವೆಗಳು, ಜಾತ್ರೆಗಳು, ಗೃಹಪ್ರವೇಶಗಳು. ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿ. ಮೇಲೆ ಹುಡುಗನಿಗೆ ಹಾಕಿದ ಲೆಕ್ಕವನ್ನು ಅವನ ತಂಗಿಗೆ ಹಾಕಿದರೆ ನಲವತ್ತು ಗಂಟೆ ಸಿಗುವುದಿಲ್ಲ. ರೊಟ್ಟಿ ಬಡಿಯುವುದಕ್ಕೂ, ಮುಸುರೆ ತೊಳೆಯುವುದಕ್ಕೂ, ಅಜ್ಜಿಯ ಔಷಧೋಪಚಾರಕ್ಕೂ ಹತ್ತು ಹನ್ನೆರಡು ಗಂಟೆಗಳು ಕೇಳದೆಯೇ ಕಳೆದುಹೋಗಿರುತ್ತವೆ. 2023ರ ಜೂನ್ ತಿಂಗಳಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದಂದಿನಿಂದ ಎರಡು ಖಾಸಗಿ ಬಸ್ಸುಗಳನ್ನು ಬಿಟ್ಟು ಸರ್ಕಾರಿ ಬಸ್ಸಿಗಾಗಿ ಕಾಯುವ ಹುಡುಗಿಯರನ್ನು ನಾವು ಕಂಡಿದ್ದೇವೆ. ಮನೆಯ ಹಣ ಉಳಿಸುವ ಆ ಮಕ್ಕಳನ್ನು ತಪ್ಪೆನ್ನಲಾರೆವು. ಕಾಯುವ ಹೊತ್ತಿಗೆಂದೇ ಸಣ್ಣ ಟಿಪ್ಪಣಿ ಪುಸ್ತಕವೊಂದನ್ನು ಚೀಲದಲ್ಲಿಟ್ಟುಕೊಂಡವಳನ್ನು ಕಂಡು ಮಾತ್ರ ಮನಸ್ಸು ತುಂಬಿತು.

ಪರರಿಗೆ ಬುದ್ಧಿ ಹೇಳುವಾಗ ನಮ್ಮ ಮನೆಯಲ್ಲಿ ನಡೆದುದನ್ನು ಮುಚ್ಚಿಡುವುದು ತರವಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಗೃಹಪ್ರವೇಶಕ್ಕೆಂದು ಭದ್ರಾವತಿಯಲ್ಲಿದ್ದ ಅಣ್ಣನ ಮಗಳನ್ನು ನಾಲ್ಕು ದಿನ ಮುಂಚಿತವಾಗಿ ಕರೆಸಿಕೊಂಡೆವು. ಅವಳು ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಳು. ಚುರುಕಿನ ಹುಡುಗಿ, ಮುಯ್ಯಿಯ ಲೆಕ್ಕ, ಬಂದವರ ಉಪಚಾರ, ದಾಸೋಹದ ಸಾಮಾನಿನ ಪಟ್ಟಿ ಎಲ್ಲವನ್ನೂ ಅವಳ ಮೇಲೆ ಹಾಕಿ ನಾವು ನಿಶ್ಚಿಂತರಾದೆವು. "ಚಿಕ್ಕಪ್ಪಾ, ಸೋಮವಾರ ಟೆಸ್ಟ್ ಇದೆ" ಎಂದು ಅವಳು ಒಮ್ಮೆ ಹೇಳಿದ್ದುಂಟು. "ಟೆಸ್ಟ್ ತಾನೇ, ಪರೀಕ್ಷೆಯಲ್ಲವಲ್ಲ" ಎಂದು ನಾವು ನಕ್ಕುಬಿಟ್ಟೆವು. ಆ ಗಣಿತದ ವಿಷಯದಲ್ಲಿ ಅವಳ ಆಂತರಿಕ ಅಂಕಗಳು ಸೆಮಿಸ್ಟರಿನ ಕೊನೆಗೆ 18ಕ್ಕೆ ನಿಂತವು. ಎರಡು ಅಂಕಗಳ ಕೊರತೆಯಿಂದ ಅಂತಿಮ ಪರೀಕ್ಷೆಗೆ ಕೂರಲಾಗಲಿಲ್ಲ. ಆ ಒಂದು ವಿಷಯ ಮುಂದಿನ ವರ್ಷದವರೆಗೆ ಅವಳ ಬೆನ್ನು ಬಿಡಲಿಲ್ಲ. ಅವಳು ನಮ್ಮನ್ನು ಒಂದು ಮಾತೂ ಆಡಲಿಲ್ಲ, ಅತ್ತಿಗೆಯವರೂ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವಾಗುತ್ತಿತ್ತು.

ಮರುಸೆಮಿಸ್ಟರಿನ ಮೊದಲ ವಾರದಲ್ಲಿಯೇ ಅವಳು ಕಾಲೇಜಿನ ವೇಳಾಪಟ್ಟಿಯಿಂದ ಟೆಸ್ಟುಗಳ ದಿನಾಂಕ, ರೆಕಾರ್ಡು ಒಪ್ಪಿಸುವ ದಿನಾಂಕಗಳನ್ನೆಲ್ಲ ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ನಡುಮನೆಯ ಗೋಡೆಯ ಮೇಲೆ ಕ್ಯಾಲೆಂಡರಿನ ಪಕ್ಕಕ್ಕೆ ಅಂಟಿಸಿದಳು. ಟೆಸ್ಟಿನ ಹಿಂದಿನ ಐದು ದಿನಗಳಿಗೆ ಕೆಂಪು ಗೆರೆ. ತನ್ನ ಕೋಣೆಯಲ್ಲಿ ಅಂಟಿಸದೆ ಎಲ್ಲರೂ ಓಡಾಡುವ ಜಾಗದಲ್ಲಿ ಏಕೆಂದು ಕೇಳಿದಾಗ, "ನನಗೆ ದಿನಾಂಕ ಗೊತ್ತೇ ಇದೆ ಚಿಕ್ಕಪ್ಪಾ" ಎಂದಳು. ನಮ್ಮ ಅನುಭವದಲ್ಲಿ ಕಾಲೇಜು ಮಕ್ಕಳಿರುವ ಮನೆಗೆ ಇದಕ್ಕಿಂತ ಉಪಯುಕ್ತವಾದ ಸಾಧನ ಬೇರೊಂದಿಲ್ಲ. ಖರ್ಚು ಒಂದು ಹಾಳೆಯದು. ಮೊದಮೊದಲು ಅಣ್ಣ ಅದನ್ನು ನೋಡಿಯೂ ನೋಡದಂತಿದ್ದರು. ಕೆಂಪು ಗೆರೆಯ ದಿನಗಳಲ್ಲಿ ಬೆಳಗಿನ ರೊಟ್ಟಿಯ ಕೆಲಸ ಅವಳ ತಮ್ಮನ ಪಾಲಿಗೆ ಬಂದುದರಿಂದ ಒಂದಿಷ್ಟು ಗೊಣಗಾಟವೂ ನಡೆಯಿತು. ಅವನ ರೊಟ್ಟಿಗಳು ಭದ್ರಾವತಿ ತಾಲ್ಲೂಕಿನ ನಕ್ಷೆಯಂತಿರುತ್ತವೆಂದು ಅತ್ತಿಗೆ ಈಗಲೂ ನಗುತ್ತಾರೆ.

ಆ ವರ್ಷದ ವೈಶಾಖದಲ್ಲಿ ಸೋದರತ್ತೆಯ ಮನೆಯವರು ನಿಶ್ಚಿತಾರ್ಥದ ದಿನ ಗೊತ್ತುಮಾಡಲು ಬಂದಿದ್ದರು. ಮಾತಿನ ನಡುವೆ ಅಣ್ಣ ಎದ್ದುಹೋಗಿ ಕನ್ನಡಕ ಹಾಕಿಕೊಂಡು ಗೋಡೆಯ ಮುಂದೆ ನಿಂತರು. "ಹದಿನಾರರಿಂದ ಇಪ್ಪತ್ತರವರೆಗೆ ಬೇಡ, ಅದರ ಮುಂದಿನ ವಾರ ಇಟ್ಟುಕೊಳ್ಳೋಣ" ಎಂದರು. ಬಂದವರು ಅಮಾವಾಸ್ಯೆ ಏನಾದರೂ ಅಡ್ಡ ಬರುತ್ತದೆಯೇ ಎಂದು ಕೇಳಿದರು. "ಇಲ್ಲ, ಮಗುವಿನ ಟೆಸ್ಟ್ ಇದೆ" ಎಂದು ಹೇಳಿ ಅಣ್ಣ ಬಂದು ಕುಳಿತರು.